ಎಷ್ಟು ದಿನ ನಿಂತಿತ್ತು ನೀರು?

2022ರ ಸೆಪ್ಟೆಂಬರ್ 4ರ ರಾತ್ರಿ. ಕೆ.ಆರ್. ಪುರದ ಕಡೆ, ರಾಜಕಾಲುವೆ ಪಕ್ಕದ ನಮ್ಮ ಗಲ್ಲಿಯಲ್ಲಿ ಮಂಡಿಯುದ್ದ ನೀರು. ಬೆಳಗಾಗುವವರೆಗೆ ನಾವು ಅಕ್ಕಿಯನ್ನು ಮಂಚದ ಮೇಲೆ, ಮಂಚವನ್ನು ಇಟ್ಟಿಗೆ ಮೇಲೆ ಏರಿಸುತ್ತಾ ಕಳೆದೆವು. ನೀರು ಇಳಿದ ಮೇಲೆ ಒಬ್ಬ ಸಾಹೇಬರು ಪುಸ್ತಕ ಹಿಡಿದು ಬಂದರು. 'ಎಷ್ಟು ದಿನ ನಿಂತಿತ್ತಮ್ಮ ನೀರು?' ಅಂದರು. ಅವ್ವ, 'ಒಂದು ರಾತ್ರಿ, ಒಂದು ಹಗಲು ಸ್ವಾಮಿ' ಅಂದಳು. ಸಾಹೇಬರು ಪುಸ್ತಕ ಮುಚ್ಚಿದರು.

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದ ನಮಗೂ ಅದರ ಅರ್ಥ ಆಗಲಿಲ್ಲ. ಆಮೇಲೆ ನಿಯಮ ಓದಿದೆವು. ವಿಪತ್ತು ಪರಿಹಾರ ನಿಧಿಯ 2022-26ರ ನಿಯಮದಲ್ಲಿ ಒಂದು ಕುಟುಂಬದ ಬಟ್ಟೆಗೆ 2,500 ರೂಪಾಯಿ, ಪಾತ್ರೆ ಪಗಡೆಗೆ 2,500 ರೂಪಾಯಿ. ಯಾರಿಗೆ? ಮನೆ ಕೊಚ್ಚಿ ಹೋದವರಿಗೆ, ಪೂರ್ತಿ ಬಿದ್ದವರಿಗೆ, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ಮನೆ ಮುಳುಗಿದವರಿಗೆ. ಇದು ಹೊಳೆ ದಂಡೆಯ ನೆರೆಗೆ ಹೊಲಿದ ಅಂಗಿ. ಪಟ್ಟಣದ ನೆರೆ ಹಾಗಲ್ಲ. ಗಂಟೆಯೊಳಗೆ ನುಗ್ಗುತ್ತದೆ, ಹಗಲಾಗುವಷ್ಟರಲ್ಲಿ ಇಳಿಯುತ್ತದೆ. ಆದರೆ ನೆನೆದ ಅಕ್ಕಿಗೆ ಎರಡು ದಿನ ಬೇಕಾ? ಹೊಲಿಗೆ ಮಿಷನ್ನಿಗೆ, ಮಕ್ಕಳ ಪುಸ್ತಕಕ್ಕೆ ಬೇಕಾ? ಸರ್ಕಾರ ಕೆಲವು ಸಲ ಬೇರೆಯಾಗಿ ಕೊಟ್ಟದ್ದುಂಟು. 2020ರ ಅಕ್ಟೋಬರಿನಲ್ಲಿ ಬೆಂಗಳೂರಲ್ಲಿ ನೀರು ನುಗ್ಗಿದ ಮನೆಗೆ 25,000 ಅಂತ ಮುಖ್ಯಮಂತ್ರಿ ಸಾರಿದರು. ಅದು ದೊರೆಯ ದಯೆ, ನಮ್ಮ ಹಕ್ಕಿನ ಲೆಕ್ಕ ಅಲ್ಲ.

ಗೆಳೆಯರೇ, ಈ ಲೆಕ್ಕದ ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಯ್ತು? ಸ್ವಲ್ಪ ಹಿಂದಕ್ಕೆ ನೋಡೋಣ.

ಈ ಸೀಮೆಯಲ್ಲಿ ದೊಡ್ಡ ಹೊಳೆಯಿಲ್ಲ. ಇದ್ದದ್ದು ಕೆರೆಗಳ ಸಾಲು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಹಲಸೂರು ಕೆರೆಯ ನೀರು ಚಲ್ಲಘಟ್ಟದ ಕಡೆಯಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಈ ನೀರನ್ನು ಕಾಯುತ್ತಿದ್ದವನು ನೀರುಗಂಟಿ. ಬೆಂಗಳೂರು, ಕೋಲಾರದ ಕಡೆ ನೀರುಗಂಟಿಗಳು ಹೆಚ್ಚಾಗಿ ನಮ್ಮೋರೇ. ಹೊಸಕೋಟೆ ಕಡೆಯ ನಮ್ಮ ತಾತನೂ ನೀರುಗಂಟಿ. ಎಷ್ಟು ಮಳೆಗೆ ಕೋಡಿ ಬೀಳುತ್ತೆ, ತೂಬು ಯಾವಾಗ ಎತ್ತಬೇಕು, ಏರಿ ಎಲ್ಲಿ ಬೆವರುತ್ತೆ, ಎಲ್ಲಾ ಅವನ ಕಣ್ಣಳತೆ. ನೆರೆಯ ಅಪಾಯವನ್ನು ಅಳೆದ ಮೊದಲ ಇಂಜಿನಿಯರು ಅವನೇ. ಕೂಲಿ ಮಾತ್ರ ಕಣದಲ್ಲಿ ಕೈಯೆತ್ತಿ ಹಾಕಿದ ಕಾಳು. 1961ರ ಕಾಯಿದೆ ಗ್ರಾಮಾಧಿಕಾರಗಳನ್ನೆಲ್ಲ ರದ್ದು ಮಾಡಿತು. ಬಿಟ್ಟಿ ಚಾಕರಿ ಹೋದದ್ದಕ್ಕೆ ನಾವು ಅಳೋರಲ್ಲ. ಆದರೆ ಚಾಕರಿಯ ಜೊತೆ ಅವನ ತಿಳಿವಳಿಕೆಯನ್ನೂ ಕಸದ ಹಾಗೆ ಎಸೆದರಲ್ಲ, ಅದು ನಮ್ಮ ತಕರಾರು.

ಪಟ್ಟಣದಲ್ಲಿ ಈ ಕತೆ ಇನ್ನೂ ಮೊದಲೇ ಶುರುವಾಗಿತ್ತು. 1809ರಲ್ಲಿ ಹಲಸೂರಿನ ಮಗ್ಗುಲಿಗೆ ದಂಡು ಬಂತು. ದಿಣ್ಣೆಯ ಮೇಲೆ ಪೆರೇಡ್ ಮೈದಾನ, ಬಂಗಲೆ. ದಂಡಿನ ಅಡಿಗೆಯವರು, ಹುಲ್ಲು ಕೊಯ್ಯುವವರು, ಮಲ ಹೊರುವವರು ಬ್ಲಾಕ್‌ಪಳ್ಳಿಯ, ಅಂದ್ರೆ ಈಗಿನ ಶಿವಾಜಿನಗರದ, ಹಾಗೂ ಹಲಸೂರಿನ ಇಕ್ಕಟ್ಟು ಗಲ್ಲಿಗಳಿಗೆ. ದಂಡು ಕೆರೆ ನೀರು ಕುಡಿಯುವತನಕ ಕೆರೆಗೆ ಮರ್ಯಾದೆ ಇತ್ತು. 1882ರ ಸ್ಯಾಂಕಿ ಕೆರೆ ಕಟ್ಟಿಸಿದ್ದೂ ದಂಡಿಗೇ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಅಲ್ಲಿಂದ ಕೆರೆ ಅಂದ್ರೆ ಖಾಲಿ ಜಾಗ. ಶೂಲೆ ಕೆರೆ ಫುಟ್‌ಬಾಲ್ ಸ್ಟೇಡಿಯಂ ಆಯ್ತು. ದೊಮ್ಮಲೂರು ಕೆರೆ ಬಡಾವಣೆಯಾಯ್ತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನ. ಸಿಎಜಿ 2021ರ ವರದಿಯಲ್ಲಿ ಹೇಳಿದೆ: ಕೋರಮಂಗಲ ಕಣಿವೆಯಲ್ಲಿ ಹಿಂದಿನ ಶತಮಾನದ ಮೊದಲಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕಾಲುವೆಗಳು 2016-17ಕ್ಕೆ ಸುಮಾರು 63ಕ್ಕೆ ಇಳಿದಿದ್ದವು. ಉಳಿದ 50 ಕಿಲೋಮೀಟರಿನ ನೀರು ಎಲ್ಲಿಗೆ ಹೋಗಬೇಕು? ತಗ್ಗಿಗೆ. ತಗ್ಗಲ್ಲಿ ಯಾರಿದ್ದಾರೆ? ಬಾಡಿಗೆ ಕಡಿಮೆ ಅಂತ ಬಂದವರು.

ತಗ್ಗಲ್ಲಿ ಶ್ರೀಮಂತರೂ ಮುಳುಗಿದರು, ಇಲ್ಲ ಅನ್ನೋದಿಲ್ಲ. ಆ ಸೆಪ್ಟೆಂಬರಿನಲ್ಲಿ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಬಂದ ಚಿತ್ರವನ್ನು ಲೋಕವೆಲ್ಲ ನೋಡಿತು. ಅದೇ ವರ್ಷ ಆಗಸ್ಟ್ 30ರ ಮಳೆಗೆ ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಕಾಗದ ಬರೆಯಿತು. ನೌಕರರು ಐದು ಗಂಟೆ ದಾರಿಯಲ್ಲೇ ಸಿಕ್ಕಿಬಿದ್ದರು, ಒಂದು ದಿನದ ನಷ್ಟ 225 ಕೋಟಿ ಅಂತ. ಸರಿ, ತಪ್ಪಿದ ಗಂಟೆಗೂ ಬೆಲೆ ಉಂಟು ಅಂತಾಯ್ತು. ಹಾಗಾದ್ರೆ ನಾಲ್ಕು ಮನೆ ಮುಸುರೆ ತಿಕ್ಕುವ ನಮ್ಮವ್ವ ಕೆಸರು ಬಳಿಯುತ್ತಾ ಕಳಕೊಂಡ ಒಂದು ವಾರದ ಕೂಲಿ ಯಾವ ಪುಸ್ತಕದಲ್ಲಿದೆ? ಮಾರತಹಳ್ಳಿ ಕಡೆ ನೀಲಿ ತಾಡಪಾಲಿನ ಕೆಳಗೆ ಬದುಕುವ ರಾಯಚೂರು, ಯಾದಗಿರಿಯ ಗಾರೆ ಕೆಲಸದವರದು? ಹಕ್ಕುಪತ್ರ ಇಲ್ಲ, ಬಾಡಿಗೆ ಕರಾರು ಇಲ್ಲ. ಕಾಗದ ಇಲ್ಲದವನ ಮನೆ ಮುಳುಗೋದೇ ಇಲ್ಲ! ಎಲ್ಲರ ಮನೆಯ ಹೂಳು ಹೊತ್ತ ಪೌರಕಾರ್ಮಿಕರ ಮೈಗೆ ಹತ್ತಿದ ರೋಗ ಯಾವ ಕಾಲಮ್ಮಿನಲ್ಲಿದೆ?

ಇನ್ನು ಅಪಾಯದ ಲೆಕ್ಕ. ಎಲ್ಲಿ ಎಷ್ಟು ಮಳೆ, ಎಲ್ಲಿ ನೀರು ನಿಲ್ಲಬಹುದು ಅಂತ ಹೇಳಲು 2020ರಲ್ಲಿ 'ಬೆಂಗಳೂರು ಮೇಘ ಸಂದೇಶ' ಅನ್ನೋ ಆ್ಯಪ್ ಬಂತು. ಬೇಕಾದದ್ದೇ. ಆದರೂ 2022ರ ಜೂನ್ 17ರ ರಾತ್ರಿ ಕೆ.ಆರ್. ಪುರದಲ್ಲಿ ಬೈಕು ಉಳಿಸಿಕೊಳ್ಳಲು ಹೋದ ಎಳೆಯ ಹುಡುಗನೊಬ್ಬ ರಾಜಕಾಲುವೆ ಪಾಲಾದ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಬಡಾವಣೆ ಮತ್ತೆ ಮುಳುಗಿತು. ನೀರಿನ ಎತ್ತರವಷ್ಟೇ ಅಪಾಯ ಅಲ್ಲ. ಆ ನೀರಿನ ಎದುರು ನೆಲದ ಮೇಲೆ ಮಲಗಿದವರು ಯಾರು, ಕಳಕೊಂಡದ್ದನ್ನು ಮತ್ತೆ ಕೊಳ್ಳಲು ಅವರಿಗೆ ಎಷ್ಟು ವರ್ಷ ಬೇಕು, ಅದೂ ಸೇರಿದರೇ ಲೆಕ್ಕ. ಒಂದಡಿ ನೀರು ವಿಲ್ಲಾದಲ್ಲಿ ಸೋಫಾ ನೆನೆಸುತ್ತದೆ. ಅದಕ್ಕೆ ವಿಮೆ ಇರುತ್ತದೆ. ಅದೇ ಒಂದಡಿ ನಮ್ಮ ಒಂದಂಕಣದ ಮನೆಯಲ್ಲಿ ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ತಿಂಗಳ ಅಕ್ಕಿ ಮೂರನ್ನೂ ನುಂಗುತ್ತದೆ.

ಅದಕ್ಕೇ ನಾವೇ ಬರೆಯೋಣ. ಮುಂದಿನ ಮಳೆಗೆ ವಿದ್ಯಾರ್ಥಿ ಗೆಳೆಯರು ಗಲ್ಲಿಗೆ ಬನ್ನಿ. ನೀರು ನಿಂತ ಮಟ್ಟಕ್ಕೆ ಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ ಎಳೆಯಿರಿ, ತಾರೀಕು ಬರೆಯಿರಿ, ಫೋಟೋ ತೆಗೆಯಿರಿ. ಕೆಟ್ಟ ಸಾಮಾನು, ತಪ್ಪಿದ ಕೂಲಿ, ಆಸ್ಪತ್ರೆ ಚೀಟಿ, ಎಲ್ಲವನ್ನೂ ಮನೆಮನೆಯ ಹೆಸರಲ್ಲಿ ದಾಖಲಿಸಿ ಕಚೇರಿಯ ಸೀಲು ಹಾಕಿಸಿ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮೂರಲ್ಲಿ ಒಬ್ಬ ಮುದುಕ ನೀರುಗಂಟಿ ಇನ್ನೂ ಉಳಿದಿದ್ದರೆ ಮಕ್ಕಳನ್ನು ಅವನ ಹತ್ತಿರ ಕರಕೊಂಡು ಹೋಗಿ ಕೋಡಿಯ ಲೆಕ್ಕ ಕೇಳಿಸಿ. 'ಎರಡು ದಿನ' ಅನ್ನೋ ಷರತ್ತು ಪಟ್ಟಣದ ಬಡವರಿಗೆ ರದ್ದಾಗಬೇಕು ಅಂತ ನಾವು ಕೇಳಬೇಕು.

ಅವ್ವ ಸುಳ್ಳು ಹೇಳಬೇಕಿತ್ತು ಅಂತ ಪಕ್ಕದ ಮನೆಯವರು ಈಗಲೂ ಅನ್ನುತ್ತಾರೆ. ನಾವು ಹಾಗನ್ನೋದಿಲ್ಲ. ಅವಳು ಹೇಳಿದ್ದು ನಿಜ. ಸುಳ್ಳಾಗಿದ್ದದ್ದು ಆ ಪ್ರಶ್ನೆ.