ಕಾಲ್ಚೆಂಡಾಟದ ಆಕ್ರಮಣಪದ್ಧತಿ ಮತ್ತು ತರಬೇತುದಾರನ ಬದಲಾವಣೆ

ಚೆಂಡನ್ನು ವಶದಲ್ಲಿರಿಸಿಕೊಂಡ ತಂಡವು ಅದನ್ನು ಎದುರಾಳಿಯ ಗೋಲಿನತ್ತ ಒಯ್ಯುವ ನಿಯತವಾದ ಕ್ರಮಕ್ಕೆ ಆಕ್ರಮಣಪದ್ಧತಿಯೆಂದು ಹೆಸರು. ಚೆಂಡು ಯಾರ ಕಾಲಿನಿಂದ ಹೊರಡಬೇಕು, ಮೈದಾನದ ಅಂಚಿನಲ್ಲಿ ಸಾಗಬೇಕೇ ನಡುವಿನಲ್ಲೇ, ಹನ್ನೊಂದು ಮಂದಿಯಲ್ಲಿ ಎಷ್ಟು ಮಂದಿ ತಮ್ಮ ನೆಲೆಯನ್ನು ತೊರೆದು ಮುನ್ನುಗ್ಗಬಹುದು ಎಂಬಿವೇ ಮೊದಲಾದ ಪ್ರಶ್ನೆಗಳನ್ನು ಇತ್ಯರ್ಥಪಡಿಸುವವನು ತರಬೇತುದಾರನಾದುದರಿಂದ, ಅವನು ಬದಲಾದೊಡನೆ, ಆಟಗಾರರು ಅವರೇ ಆಗಿದ್ದರೂ, ಆಟದ ಸ್ವರೂಪವು ಬದಲಾಗುವುದುಂಟು. ಚಿಂತಾಮಣಿ, ಶಿಡ್ಲಘಟ್ಟಗಳ ಶಾಲಾ ಬಯಲುಗಳಲ್ಲಿ ಕಬಡ್ಡಿಯನ್ನು ಕಂಡವರಿಗೆ ಈ ವಿಷಯವು ಹೊಸದಲ್ಲ: ಒಬ್ಬ ಕೋಚ್ ತನ್ನ ರೈಡರಿಗೆ ಪ್ರತಿಸಲವೂ ಒಂದು ಅಂಕವನ್ನಾದರೂ ಕಿತ್ತು ತರಬೇಕೆಂದು ವಿಧಿಸಿದರೆ, ಇನ್ನೊಬ್ಬನು ಎರಡು ಸಲ ಬರಿಗೈಯಲ್ಲಿ ಮರಳಿ ಮೂರನೆಯ ರೈಡಿಗೆ ಸರ್ವಶಕ್ತಿಯನ್ನೂ ಕಾದಿರಿಸೆನ್ನುತ್ತಾನೆ, ರೈಡರು ಒಬ್ಬನೇ, ಆಟ ಎರಡು.

ಅಮೆರಿಕದ ಫುಟ್‌ಬಾಲಿನಲ್ಲಿ, ಅಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದೋಡುವ ಇಲ್ಲವೇ ಎಸೆಯುವ ಆಟದಲ್ಲಿ, ಮುಖ್ಯ ತರಬೇತುದಾರನ ಕೈಕೆಳಗೆ ಆಕ್ರಮಣಕ್ಕೆಂದೇ ಪ್ರತ್ಯೇಕವಾದ ಒಬ್ಬ ಅಧಿಕಾರಿಯಿರುತ್ತಾನೆ. ಆ ಆಟವು ಕ್ಷಣಕ್ಷಣಕ್ಕೂ ನಿಂತು ಮತ್ತೆ ಹೊರಡುವ ಸ್ವಭಾವದ್ದಾದುದರಿಂದ, ಒಂದೊಂದು ನಡೆಯನ್ನೂ ಅವನು ಮೊದಲೇ ಆರಿಸಿ ಹೇಳಿಕಳುಹಬಲ್ಲನು. ಇದರ ಇತಿಹಾಸದಲ್ಲಿ ಬಿಲ್ ವಾಲ್ಷ್ ಎಂಬಾತನ ಪ್ರಕರಣವು ಪ್ರಸಿದ್ಧವಾಗಿದೆ. 1970ರ ಸುಮಾರಿಗೆ ಸಿನ್ಸಿನಾಟಿ ತಂಡದ ಸಹಾಯಕ ತರಬೇತುದಾರನಾಗಿದ್ದ ಆತನಿಗೆ, ದೂರದ ಎಸೆತದಲ್ಲಿ ನಿಪುಣನಾಗಿದ್ದ ಗ್ರೆಗ್ ಕುಕ್ ಭುಜದ ಗಾಯದಿಂದ ನಿಷ್ಕ್ರಿಯನಾದ ಕಾರಣ, ತೋಳಿನಲ್ಲಿ ಅಷ್ಟು ಬಲವಿಲ್ಲದ ವರ್ಜಿಲ್ ಕಾರ್ಟರನೇ ಗತಿಯಾದನು. ವಾಲ್ಷನು ಆಗ ಎಸೆತಗಳನ್ನು ಕಿರಿದುಗೊಳಿಸಿ, ಮೈದಾನದ ಅಗಲವನ್ನೆಲ್ಲ ಬಳಸಿಕೊಂಡು, ಅಭಾವದಿಂದಲೇ ಒಂದು ಪದ್ಧತಿಯನ್ನು ನಿರ್ಮಿಸಿದನು. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮುಖ್ಯಸ್ಥನಾದ ಮೇಲೆ ಅದೇ ಪದ್ಧತಿಯಿಂದ ಮೂರು ಬಾರಿ ಆ ದೇಶದ ಪರಮೋಚ್ಚ ಪ್ರಶಸ್ತಿಯನ್ನು ಗಳಿಸಿಕೊಟ್ಟನು.

ನಮ್ಮಲ್ಲಿ ರೂಢಿಯಲ್ಲಿರುವ ಕಾಲ್ಚೆಂಡಾಟದಲ್ಲಿ ಈ ಭಾರವನ್ನು ಸಾಮಾನ್ಯವಾಗಿ ಮುಖ್ಯ ಕೋಚನೇ ಹೊರುತ್ತಾನೆ. ಆಟವು ನಿಲ್ಲದೆ ಸಾಗುವುದರಿಂದ ಆತನ ಮಾತು ಅಂಗಳದಲ್ಲಿ ಅಲ್ಲ, ಅಭ್ಯಾಸದ ದಿನಗಳಲ್ಲಿ ಬೇರೂರಬೇಕು. ತರಬೇತುದಾರನು ಬದಲಾದೊಡನೆ ಆಟವೂ ಬದಲಾಗುವುದಕ್ಕೆ ಕರ್ನಾಟಕದಲ್ಲಿ ಬೆಂಗಳೂರು ಎಫ್‌ಸಿಗಿಂತ ಉತ್ತಮವಾದ ನಿದರ್ಶನವಿಲ್ಲ. 2013ರಲ್ಲಿ ಸ್ಥಾಪಿತವಾದ ಈ ಕ್ಲಬ್ಬಿನ ಮೊದಲ ತರಬೇತುದಾರನಾದ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್, ದೇಹದಾರ್ಢ್ಯ, ವೇಗ ಮತ್ತು ಶಿಸ್ತುಗಳನ್ನೇ ಆಧಾರವಾಗಿ ಹಿಡಿದು ತಂಡವನ್ನು ಕಟ್ಟಿ, ಮೊದಲ ಋತುವಿನಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನೂ 2015–16ರಲ್ಲಿ ಮತ್ತೊಮ್ಮೆ ಅದನ್ನೇ ಗೆದ್ದುಕೊಟ್ಟನು. ಇಂತಹ ಯಶಸ್ವಿಯ ಸ್ಥಾನಕ್ಕೆ ಬರುವವನ ಪಾಡು, ಸೋತವನ ಸ್ಥಾನಕ್ಕೆ ಬರುವವನ ಪಾಡಿಗಿಂತ ಕಠಿನವೆಂದೇ ಹೇಳಬೇಕು. 2016ರಲ್ಲಿ ಆ ಸ್ಥಾನಕ್ಕೆ ಬಂದವನು, ಬಾರ್ಸಿಲೋನಾ ಕ್ಲಬ್ಬಿನ ತರಬೇತುದಾರನಾಗಿದ್ದ ರೈಕಾರ್ಡನ ಬಳಗದಲ್ಲಿ ದುಡಿದಿದ್ದ ಆಲ್ಬರ್ಟ್ ರೋಕಾ. ಅವನೊಡನೆ ಸಹಾಯಕನಾಗಿ ಕಾರ್ಲೆಸ್ ಕ್ವಾದ್ರಾತನೂ ಬಂದನು.

ಏಷ್ಯಾದ ಕ್ಲಬ್ಬುಗಳ ಪಂದ್ಯಾವಳಿಯಾದ ಎಎಫ್‌ಸಿ ಕಪ್ಪಿನ ನಡುದಾರಿಯಲ್ಲಿ ಈ ಬದಲಾವಣೆ ನಡೆಯಿತೆಂಬುದು ವಿಶೇಷ. ಆರಂಭದ ಸುತ್ತುಗಳನ್ನು ವೆಸ್ಟ್‌ವುಡ್ ದಾಟಿಸಿದ್ದನು. ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ಎದುರಿನ ಎಂಟರ ಘಟ್ಟದಿಂದ ರೋಕಾನ ಕಾಲ. ಚೆಂಡನ್ನು ದೂರಕ್ಕೆ ಒದ್ದು ಬೆನ್ನಟ್ಟುವುದರ ಬದಲು, ಗೋಲ್‌ಕೀಪರನಿಂದಲೇ ಆರಂಭಿಸಿ ಚಿಕ್ಕ ಪಾಸುಗಳಿಂದ ಮೇಲಕ್ಕೆ ತರುವುದು ಅವನ ಕ್ರಮವಾಗಿದ್ದಿತು. ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ, ಹಿಂದಿನ ವರ್ಷದ ವಿಜೇತರಾದ ಮಲೇಷ್ಯಾದ ಜೊಹೋರ್ ತಂಡವು ಮೊದಲು ಗೋಲು ಹೊಡೆದಿದ್ದರೂ, ಸುನಿಲ್ ಛೆಟ್ರಿಯ ಎರಡು ಹಾಗೂ ಹುವಾನನ್ನನ ಒಂದು ಗೋಲಿನಿಂದ ಬೆಂಗಳೂರು 3–1ರಿಂದ ಗೆದ್ದು, ಆ ಪಂದ್ಯಾವಳಿಯ ಅಂತಿಮವನ್ನು ಮುಟ್ಟಿದ ಪ್ರಥಮ ಭಾರತೀಯ ಕ್ಲಬ್ ಎನಿಸಿತು. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. ಆದರೆ ಮುಂದಿನ ಐ-ಲೀಗಿನಲ್ಲಿ ಹಿಂದಿನ ವಿಜೇತರಿಗೆ ದೊರೆತುದು ನಾಲ್ಕನೆಯ ಸ್ಥಾನ ಮಾತ್ರ. ಹಳೆಯ ಅಭ್ಯಾಸವು ಅಳಿದು ಹೊಸದು ಇನ್ನೂ ಮೈಗೂಡದ ಇಂತಹ ಅಂತರಾಳಕಾಲದಲ್ಲಿಯೇ ಅನೇಕ ಆಡಳಿತವರ್ಗದವರು ತಾಳ್ಮೆಗೆಟ್ಟು ಕೋಚನ್ನು ಕಳುಹಿಸಿಬಿಡುತ್ತಾರೆ, ಇಲ್ಲಿ ಹಾಗಾಗಲಿಲ್ಲ.

2017–18ರಲ್ಲಿ ಕ್ಲಬ್ಬು ಇಂಡಿಯನ್ ಸೂಪರ್ ಲೀಗನ್ನು ಸೇರಿದಾಗ ಪದ್ಧತಿಯು ಪಕ್ವವಾಗಿದ್ದಿತು. ವೆನೆಜುವೆಲಾದ ಮಿಕು ಮುಂಚೂಣಿಯ ನಡುವಿನಲ್ಲಿ ನಿಂತನು. ದೇಶದ ಅಗ್ರಗಣ್ಯ ಗೋಲುಗಾರನಾದ ಛೆಟ್ರಿಯು ಎಡಪಾರ್ಶ್ವಕ್ಕೆ ಸರಿದನು. ಬಲಗಡೆ ಉದಾಂತ ಸಿಂಗನ ಓಟವಿದ್ದಿತು. ನಾಯಕನನ್ನು ಅಂಚಿಗೆ ಸರಿಸುವ ಈ ನಿರ್ಧಾರವು ಅವಿವೇಕವೆಂದು ತೋರಬಹುದಾಗಿದ್ದರೂ, ಎದುರಾಳಿಯ ರಕ್ಷಕರು ಮಿಕುವನ್ನು ಕಾಯುತ್ತಿರುವಾಗ ಛೆಟ್ರಿಯು ಅಂಚಿನಿಂದ ಒಳಕ್ಕೆ ನುಗ್ಗಲು ಇದರಿಂದಲೇ ಅವಕಾಶವಾಯಿತು. ಆ ಋತುವಿನಲ್ಲಿ ಮಿಕು 15 ಗೋಲುಗಳನ್ನೂ ಛೆಟ್ರಿ 14 ಗೋಲುಗಳನ್ನೂ ಹೊಡೆದರು. ಲೀಗ್ ಘಟ್ಟದ 18 ಪಂದ್ಯಗಳಲ್ಲಿ 35 ಗೋಲುಗಳಿಂದ 40 ಅಂಕ ಗಳಿಸಿ ತಂಡವು ಅಗ್ರಸ್ಥಾನದಲ್ಲಿ ನಿಂತಿತು. ಹಾಗಿದ್ದೂ 2018ರ ಮಾರ್ಚ್ 17ರ ಅಂತಿಮ ಪಂದ್ಯದಲ್ಲಿ, ತನ್ನದೇ ಅಂಗಳದಲ್ಲಿ, ಚೆನ್ನೈಯಿನ್ ತಂಡಕ್ಕೆ 2–3ರಿಂದ ಸೋಲಬೇಕಾಯಿತು. ಎದುರಾಳಿಯ ಮೂರರಲ್ಲಿ ಎರಡು ಗೋಲುಗಳು ಮೈಲ್ಸನ್ ಆಲ್ವೆಸ್ ಎಂಬ ರಕ್ಷಕನು ಕಾರ್ನರ್ ಕಿಕ್‌ಗಳಿಗೆ ತಲೆಕೊಟ್ಟು ಹೊಡೆದವು.

ರೋಕಾ ತೆರಳಿದ ಬಳಿಕ ಅಧಿಕಾರವು ಕ್ವಾದ್ರಾತನಿಗೆ ಬಂದಿತು. ಹೊರಗಿನಿಂದ ಬಂದವನಲ್ಲವಾದುದರಿಂದ ಅವನು ಪದ್ಧತಿಯನ್ನು ಕೆಡವಲಿಲ್ಲ. ಚೆಂಡಿನ ಸ್ವಾಮ್ಯಕ್ಕಿಂತ ಹಿಂಭಾಗದ ಭದ್ರತೆಗೂ, ಕಾರ್ನರ್ ಹಾಗೂ ಫ್ರೀ ಕಿಕ್‌ಗಳ ಅಭ್ಯಾಸಕ್ಕೂ ಹೆಚ್ಚು ಬೆಲೆಕೊಟ್ಟನು. ಮುಂಬಯಿಯಲ್ಲಿ 2019ರ ಮಾರ್ಚ್ 17ರಂದು, ಗೋವಾ ತಂಡದೊಡನೆ ಹೆಚ್ಚುವರಿ ಕಾಲದವರೆಗೂ ಸಮಬಲದಲ್ಲಿ ಸಾಗಿದ ಅಂತಿಮ ಪಂದ್ಯದ 117ನೆಯ ನಿಮಿಷದಲ್ಲಿ, ಡಿಮಾಸ್ ಡೆಲ್ಗಾಡೊ ಒದ್ದ ಕಾರ್ನರಿಗೆ ರಾಹುಲ್ ಭೇಕೆ ತಲೆಕೊಟ್ಟು ಹೊಡೆದ ಗೋಲಿನಿಂದ ಬೆಂಗಳೂರು ಪ್ರಶಸ್ತಿಯನ್ನು ಪಡೆಯಿತು. ಹಿಂದಿನ ವರ್ಷ ಯಾವ ಆಯುಧದಿಂದ ಹತವಾಗಿದ್ದಿತೋ ಅದೇ ಆಯುಧ, ಅದೇ ತಾರೀಖು.

ಪ್ರಶಸ್ತಿಯೊಂದನ್ನೇ ನೋಡುವವರಿಗೆ ಇದು ಆಕ್ರಮಣದ ಉತ್ಕರ್ಷವೆಂದು ಕಾಣಬಹುದು. ಅಂಕಿಗಳು ಹಾಗೆ ಹೇಳುವುದಿಲ್ಲ. ಲೀಗ್ ಘಟ್ಟದ 18 ಪಂದ್ಯಗಳಲ್ಲಿ ರೋಕಾನ ತಂಡವು 35 ಗೋಲುಗಳನ್ನು ಹೊಡೆದಿದ್ದರೆ, ಕ್ವಾದ್ರಾತನ ಮೊದಲ ವರ್ಷದಲ್ಲಿ ಅದು 29ಕ್ಕೂ, ಮಿಕು ಹೊರಟುಹೋದ 2019–20ರಲ್ಲಿ 22ಕ್ಕೂ ಇಳಿಯಿತು. ಆ 2019–20ರ ಋತುವಿನಲ್ಲಿ ಬಿಟ್ಟುಕೊಟ್ಟ ಗೋಲುಗಳು 13 ಮಾತ್ರವೆಂಬುದನ್ನೂ ಇಲ್ಲಿ ಸೇರಿಸಬೇಕು. ಮುಂದಕ್ಕೆ ಕಳುಹಿಸಿದವರನ್ನು ಹಿಂದಕ್ಕೆ ಕರೆದುಕೊಂಡುದರ ಲಾಭವೂ ನಷ್ಟವೂ ಒಂದೇ ಕೋಷ್ಟಕದಲ್ಲಿ ಕಾಣುತ್ತವೆ. ಕ್ವಾದ್ರಾತನು 2021ರ ಜನವರಿಯಲ್ಲಿ ಕ್ಲಬ್ಬನ್ನು ಬಿಟ್ಟನು. 2022ರಲ್ಲಿ ಬಂದ ಸೈಮನ್ ಗ್ರೇಸನ್ ಹಿಂಬದಿಯಲ್ಲಿ ಮೂವರನ್ನು ನಿಲ್ಲಿಸಿ ಎರಡು ಪಾರ್ಶ್ವಗಳ ಆಟಗಾರರನ್ನು ಮೇಲಕ್ಕೆ ಓಡಿಸುವ ಬೇರೊಂದು ಕ್ರಮವನ್ನು ತಂದು, ಅದೇ ವರ್ಷ ಡುರಾಂಡ್ ಕಪ್ಪನ್ನು ಗೆಲ್ಲಿಸಿದನು.