ಪಡಸಾಲೆಯಲ್ಲಿ ‘ಕೊಲೆ’, ಎಲೆಯ ಮುಂದೆ ಪತ್ತೇದಾರಿ

ರಾತ್ರಿ ಊಟಕ್ಕೆ ಎಂಟು ಮಂದಿಯನ್ನು ಕರೆಯುವುದು, ಮೊದಲ ತಿಂಡಿ ಮುಗಿಯುವ ಹೊತ್ತಿಗೆ ಅವರಲ್ಲೊಬ್ಬರು ‘ಕೊಲೆ’ಯಾಗುವುದು, ಉಳಿದವರು ಉಣ್ಣುತ್ತಲೇ ಒಬ್ಬರನ್ನೊಬ್ಬರು ಪ್ರಶ್ನಿಸಿ ಹಂತಕ ಯಾರೆಂದು ಪತ್ತೆ ಹಚ್ಚುವುದು. ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಮನೆಯಾಟಕ್ಕೆ ಕೊಲೆ-ರಹಸ್ಯ ಔತಣಕೂಟ ಎನ್ನಬಹುದು. ಹೆಸರು ಕೇಳಿದರೆ ಮಹಾನಗರದ ಶೋಕಿಯೆನಿಸಿದರೂ, ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಇಲ್ಲದಿರುವುದು ಒಂದು ಹದವಾದ ಕಥೆ ಮಾತ್ರ.

ಆಟದ ಮೂಲ

ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ ವಾರಾಂತ್ಯದ ಅತಿಥಿಗಳು ದೀಪ ಆರಿಸಿ ‘ಕೊಲೆಗಾರ’ನನ್ನು ಹುಡುಕುವ ಆಟ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಜನಪ್ರಿಯವಾಗಿತ್ತು. ನ್ಯೂಜಿಲೆಂಡಿನ ಲೇಖಕಿ ನಯೋ ಮಾರ್ಷ್ ಅವರ 1934ರ ಮೊದಲ ಕಾದಂಬರಿ ಇಂಥದೇ ಆಟದ ನಡುವೆ ನಿಜವಾದ ಹೆಣ ಬೀಳುವ ಪ್ರಸಂಗದಿಂದ ಆರಂಭವಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಆಂಟನಿ ಪ್ರ್ಯಾಟ್ ಎಂಬ ಸಂಗೀತಗಾರ ಯುದ್ಧಕಾಲದಲ್ಲಿ ರೂಪಿಸಿದ ‘ಕ್ಲೂಡೊ’ ಮಣೆಯಾಟ 1949ರಲ್ಲಿ ಮಾರುಕಟ್ಟೆಗೆ ಬಂದಿತು. ಲಂಡನ್ನಿನಲ್ಲಿ 1952ರ ನವೆಂಬರ್‌ನಲ್ಲಿ ತೆರೆ ಕಂಡ ಅಗಾಥಾ ಕ್ರಿಸ್ಟಿ ಅವರ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಕೊನೆಯಲ್ಲಿ, ಹಂತಕ ಯಾರೆಂಬುದನ್ನು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೋರುವುದು ಸಂಪ್ರದಾಯವೇ ಆಯಿತು. ಪಾತ್ರಗಳ ಹಾಳೆ, ಸುಳಿವಿನ ಲಕೋಟೆಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವ ಸಿದ್ಧ ಆಟಗಳು ಅಮೆರಿಕದಲ್ಲಿ 1980ರ ದಶಕದಲ್ಲಿ ಬಂದವು. ಮಾಸ್ಕೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿದ್ಯಾರ್ಥಿ ದಿಮಿತ್ರಿ ದವಿದೋಫ್ 1986ರಲ್ಲಿ ಹುಟ್ಟುಹಾಕಿದ ‘ಮಾಫಿಯಾ’ ಇದರ ದಾಯಾದಿ. ಅದರಲ್ಲಿ ಸುಳಿವುಗಳಿಲ್ಲ, ಎದುರಿನವರ ಮುಖ ಓದುವುದೇ ಎಲ್ಲ.

ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ್ದು ಬೇಸಿಗೆ ರಜೆಯ ಚೀಟಿಯಾಟ. ರಾಜ, ರಾಣಿ, ಪೊಲೀಸ್, ಕಳ್ಳ ಎಂದು ಬರೆದು ಮಡಚಿದ ಚೀಟಿಗಳನ್ನು ಕುಲುಕಿ ಎಸೆದು, ಪೊಲೀಸ್ ಚೀಟಿ ಬಂದವನು ಎದುರಿಗಿರುವವರ ಮುಖಚರ್ಯೆಯಿಂದಲೇ ಕಳ್ಳನನ್ನು ಹೆಸರಿಸುವ ಆಟವಾಡದೆ ಬೆಳೆದವರು ವಿರಳ. ಔತಣಕೂಟದ ಆಟವೆಂದರೆ ಆ ಚೀಟಿಗೇ ಒಂದು ಊರು, ಒಂದು ಹಳೆಯ ದ್ವೇಷ, ಒಂದು ಸುಳ್ಳು ಸೇರಿಸಿದಂತೆ.

ಓದುವ ಹವ್ಯಾಸವೂ ಪೂರಕವಾಗಿದೆ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನ ಸಾಹಸಗಳು ಒಂದು ತಲೆಮಾರಿನ ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದವು. ಕಾಶೀನಾಥ್ ಅವರ ‘ಅಪರಿಚಿತ’ (1978), ಸುನೀಲ್‌ಕುಮಾರ್ ದೇಸಾಯಿ ಅವರ ‘ತರ್ಕ’ (1989) ಚಿತ್ರಗಳನ್ನು ನೋಡಿದವರು ಹಂತಕನ ಬಗ್ಗೆ ಮಧ್ಯಂತರದಲ್ಲೇ ಪಂಥ ಕಟ್ಟಿದ್ದುಂಟು.

ಈ ಸೀಮೆಯ ಮಾತು

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದ ಈ ಐದೂ ತಾಲ್ಲೂಕುಗಳಿಗೆ ವೇಷ ಹಾಕುವುದು ಹೊಸದಲ್ಲ. ಇಡೀ ರಾತ್ರಿ ನಡೆಯುವ ಬಯಲಾಟ, ಹಬ್ಬಕ್ಕೆ ಊರ ಯುವಕರೇ ಬಣ್ಣ ಹಚ್ಚುವ ಸಾಮಾಜಿಕ ನಾಟಕ, ಜಾತ್ರೆಗೆ ಬಂದು ಬಿಡಾರ ಹೂಡುವ ವೃತ್ತಿ ಕಂಪನಿಗಳು ಇಲ್ಲಿನ ಜನರಿಗೆ ಚಿರಪರಿಚಿತ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ಅವರು ಕಟ್ಟಿದ ರಂಗಭಾರತಿ, ನೆರೆಯ ಮರಿಯಮ್ಮನಹಳ್ಳಿಯ ಕಲಾವಿದರ ಪರಂಪರೆ ರಾಜ್ಯಕ್ಕೇ ಗೊತ್ತಿರುವಂಥವು. ಇನ್ನು ಒಗಟು ಬಿಡಿಸುವ ವಿಷಯಕ್ಕೆ ಬಂದರೆ, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಮಳೆಗೋ, ಬೆಳೆಗೋ, ರಾಜಕೀಯಕ್ಕೋ ಅನ್ವಯಿಸಿ ಜನರು ವಾರಗಟ್ಟಲೆ ಚರ್ಚಿಸುತ್ತಾರೆ. ಕಾರಣಿಕ ಭಕ್ತಿಯ ವಿಷಯ, ಇದು ಬರೀ ಆಟ. ಆದರೂ ಅರೆಮಾತಿನಿಂದ ಪೂರ್ಣಾರ್ಥ ಹುಡುಕುವ ಅಭ್ಯಾಸ ಜನರಲ್ಲಿದೆ ಎಂಬುದಕ್ಕಾಗಿ ಹೇಳಬೇಕಾಯಿತು.

ಆದ್ದರಿಂದ ಇಂಗ್ಲಿಷ್ ಬಂಗಲೆ, ಬಟ್ಲರ್, ಅಗ್ಗಿಷ್ಟಿಕೆಗಳ ಸಿದ್ಧ ಕಥೆಯನ್ನು ತಂದು ಇಲ್ಲಿ ಆಡಿಸುವುದು ವ್ಯರ್ಥ. ಹಗರಿಬೊಮ್ಮನಹಳ್ಳಿಯ ಪಡಸಾಲೆಯಲ್ಲಿ ಕುಳಿತವರಿಗೆ ಆ ಪಾತ್ರಗಳ ಬಾಯಲ್ಲಿ ಏನು ಮಾತು ಬರಬೇಕೆಂಬುದೇ ತಿಳಿಯುವುದಿಲ್ಲ. ಕಂಪನಿ ನಾಟಕದ ಬಿಡಾರವಾದರೆ ಯಾರೂ ಕಲಿಸಬೇಕಿಲ್ಲ.

ಒಂದು ಮಾದರಿ ಕಥೆ

1980ರ ದಶಕದ ಕೊಟ್ಟೂರು ಜಾತ್ರೆ. ತಗಡಿನ ಥಿಯೇಟರಿನಲ್ಲಿ ರಾತ್ರಿ ಹತ್ತರ ಆಟ ನಡೆದಿದೆ. ಹನ್ನೊಂದೂಕಾಲಿಗೆ ಗೇಟ್‌ಕೀಪರ್ ಟಿಕೆಟ್ ಹಣ ತಂದೊಪ್ಪಿಸಿ ಗೇಟಿಗೆ ಹಿಂದಿರುಗಿದ್ದಾನೆ. ಹನ್ನೊಂದೂವರೆಗೆ ಮಾಲೀಕ ಟಿಕೆಟ್ ಕೋಣೆಯಲ್ಲಿ ಆ ದಿನದ ಲೆಕ್ಕ ಬರೆಯುತ್ತಿದ್ದುದನ್ನು ಹಲವರು ಕಂಡಿದ್ದಾರೆ. ಹನ್ನೆರಡಕ್ಕೆ ಮಧ್ಯಂತರದ ಗಂಟೆ ಬಾರಿಸಲು ಹೋದರೆ ಕೊಡತಿ ಜಾಗದಲ್ಲಿಲ್ಲ. ಅದು ಮಾಲೀಕನ ಪಕ್ಕದಲ್ಲಿದೆ, ಆತನ ತಲೆಗೆ ಪೆಟ್ಟು ಬಿದ್ದಿದೆ. ಶಂಕಿತರು ಆರು ಮಂದಿ: ನಾಯಕಿ, ಹಾಸ್ಯನಟ, ಹಾರ್ಮೋನಿಯಂ ಮಾಸ್ತರ, ಗೇಟ್‌ಕೀಪರ್, ಎದುರಿನ ಮಿರ್ಚಿ ಅಂಗಡಿಯವ, ಮಾಲೀಕನ ತಮ್ಮ.

ಪ್ರತಿಯೊಬ್ಬರಿಗೂ ಮಾಲೀಕನ ಮೇಲೆ ಒಂದೊಂದು ಸಿಟ್ಟಿರಬೇಕು. ನಾಯಕಿಗೆ ಬೇರೆ ಕಂಪನಿಯ ಕರೆ ಬಂದಿದೆ, ಈತ ಬಿಡುತ್ತಿಲ್ಲ. ಹಾಸ್ಯನಟನಿಗೆ ಮೂರು ತಿಂಗಳ ಪಗಾರ ಬಾಕಿ. ಅಂಗಡಿಯವನಿಗೆ ಜಾಗದ ಬಾಡಿಗೆಯ ತಕರಾರು. ಗೇಟ್‌ಕೀಪರನ ಟಿಕೆಟ್ ಲೆಕ್ಕದಲ್ಲಿ ಪದೇ ಪದೇ ವ್ಯತ್ಯಾಸ. ತಮ್ಮ ಸಾಲಗಾರ; ಗಲ್ಲೆಯಿಂದ ಒಂದು ನೋಟಿನ ಕಟ್ಟು ಕಾಣೆಯಾಗಿರುವುದರಿಂದ ಎಲ್ಲರ ಕಣ್ಣು ಅವನ ಮೇಲೆಯೇ ಬೀಳುತ್ತದೆ. ಮಾಸ್ತರನಿಗೆ ಮೇಲ್ನೋಟಕ್ಕೆ ಯಾವ ದೂರೂ ಇಲ್ಲ.

ಸುಳಿವುಗಳು ನಾಲ್ಕು ಸಾಕು. ಒಂದು, ಆ ರಾತ್ರಿಯ ಲೆಕ್ಕದ ಪುಟದ ಮೇಲೆ ಸುಣ್ಣದ ಬೆರಳಿನ ಗುರುತು. ಮಾಲೀಕ ಎಲೆ-ಅಡಿಕೆ ಹಾಕುವವನಲ್ಲ. ಹಾಕುವವರು ಮಾಸ್ತರ ಮತ್ತು ಗೇಟ್‌ಕೀಪರ್ ಇಬ್ಬರೇ. ಎರಡು, ಗೇಟ್‌ಕೀಪರ್ ಹನ್ನೊಂದೂವರೆಯಿಂದ ಮಧ್ಯಂತರದವರೆಗೆ ಗೇಟು ಬಿಟ್ಟು ಅಲುಗಲಿಲ್ಲವೆಂಬ ಅಂಗಡಿಯವನ ಹೇಳಿಕೆ. ಇಬ್ಬರಿಗೂ ಮಾತಿಲ್ಲವಾದ್ದರಿಂದ ಈ ಸಾಕ್ಷ್ಯಕ್ಕೆ ತೂಕ ಹೆಚ್ಚು. ಮೂರು, ನಾಟಕದ ದೃಶ್ಯಗಳ ಪಟ್ಟಿ. ಆಟದ ಮೊದಲಿನಿಂದ ಕೊನೆಯವರೆಗೆ ಪೆಟ್ಟಿಗೆ ಬಿಟ್ಟೆದ್ದಿಲ್ಲವೆಂದು ಮಾಸ್ತರ ಹೇಳುತ್ತಾನೆ. ಪಟ್ಟಿಯಂತೆ ಹನ್ನೊಂದೂವರೆಯಿಂದ ಹನ್ನೆರಡರವರೆಗಿನ ನಾಲ್ಕನೆಯ ದೃಶ್ಯ ನಾಯಕಿ-ಹಾಸ್ಯನಟರ ಬರೀ ಮಾತಿನದು, ಒಂದೂ ಹಾಡಿಲ್ಲ. ನಾಲ್ಕು, ಒಂದು ಕ್ಯಾಸೆಟ್ಟಿನ ಹೊದಿಕೆ. ಮಾಸ್ತರ ಕಟ್ಟಿದ ಹಾಡುಗಳು ಅದರಲ್ಲಿ ಮಾಲೀಕನ ಹೆಸರಿನಲ್ಲಿ ಅಚ್ಚಾಗಿವೆ. ಕಾಣೆಯಾದ ನೋಟಿನ ಕಟ್ಟಿನ ಬಗ್ಗೆ ಲೆಕ್ಕದ ಪುಸ್ತಕದಲ್ಲೇ ‘ತಮ್ಮನಿಗೆ ಕೈಗಡ’ ಎಂಬ ಮಾಲೀಕನ ಬರಹವಿರುತ್ತದೆ. ಹಿಂದಿನ ಪುಟ ತಿರುವಿ ನೋಡುವ ತಾಳ್ಮೆಯಿದ್ದವರಿಗೆ ಮಾತ್ರ ಅದು ಸಿಗುತ್ತದೆ.

ಲೆಕ್ಕದ ಪುಸ್ತಕ, ದೃಶ್ಯಪಟ್ಟಿ, ಕ್ಯಾಸೆಟ್ ಹೊದಿಕೆಗಳನ್ನು ಕೈಯಾರೆ ತಯಾರಿಸಿದರೆ ಸೊಗಸು. ಮನೆಯಲ್ಲಿ ಹಳೆಯ ಖಾತೆ ಪುಸ್ತಕವಿದ್ದರೆ ಅದರ ಖಾಲಿ ಪುಟಗಳೇ ಸಾಕು. ಸುಣ್ಣದ ಗುರುತನ್ನು ನಿಜವಾದ ಸುಣ್ಣದಿಂದಲೇ ಮಾಡಬೇಕು. ಬಣ್ಣ ಹಚ್ಚಿದರೆ ಹಿರಿಯರು ನೋಡಿದ ತಕ್ಷಣ ಗುರುತಿಸಿಬಿಡುತ್ತಾರೆ.

ಊಟದ ಪಂಕ್ತಿಯೇ ಅಂಕ

ಆತಿಥೇಯರೇ ಮಾಲೀಕನ ಪಾತ್ರ ವಹಿಸುವುದು ಒಳ್ಳೆಯ ಉಪಾಯ. ಸತ್ತ ಮೇಲೆ ಟೋಪಿ ಬದಲಿಸಿ ಫೌಜದಾರರಾಗಿ ಹಿಂದಿರುಗಿ ಆಟವನ್ನು ಮುನ್ನಡೆಸಬಹುದು. ಪಾತ್ರದ ಹಾಳೆಗಳನ್ನು ವಾರದ ಮುಂಚೆ ತಲುಪಿಸಬೇಕು. ಅದರಲ್ಲಿ ಮೂರು ಭಾಗಗಳಿರಲಿ: ತಾನು ಯಾರು, ಎಲ್ಲರಿಗೂ ಹೇಳಬಹುದಾದದ್ದು ಏನು, ಕೇಳಿದರೆ ಮಾತ್ರ ಹೇಳಬೇಕಾದದ್ದು ಏನು. ಒಂದೇ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು: ಸುಳ್ಳು ಹೇಳುವ ಹಕ್ಕು ಹಂತಕನಿಗೆ ಮಾತ್ರ. ಉಳಿದವರು ಮುಚ್ಚಿಡಬಹುದು, ಸುಳ್ಳಾಡುವಂತಿಲ್ಲ. ಈ ನಿಯಮ ಸಡಿಲವಾದರೆ ಸುಳಿವುಗಳಿಗೆ ಬೆಲೆಯೇ ಇರುವುದಿಲ್ಲ. ಓದಲು ತೊಡಕಾಗುವ ಹಿರಿಯರಿದ್ದರೆ ಒಳಕೋಣೆಗೆ ಕರೆದು ಅವರ ಪಾತ್ರವನ್ನು ಬಾಯಲ್ಲೇ ಹೇಳಿಕೊಡಬೇಕು. ಬಯಲಾಟದ ಮಾತು ಕಂಠಸ್ಥ ಮಾಡಿದವರಿಗೆ ಇದು ಲೆಕ್ಕಕ್ಕಿಲ್ಲ.

ಮಂಡಕ್ಕಿ ಒಗ್ಗರಣೆ, ಮಿರ್ಚಿಯೊಂದಿಗೆ ಮೊದಲ ಅಂಕ: ಪರಿಚಯ, ಕೊನೆಗೆ ಕೊಲೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಹೊತ್ತಿಗೆ ವಿಚಾರಣೆ. ಪ್ರತಿ ಹದಿನೈದು ನಿಮಿಷಕ್ಕೊಂದು ಸುಳಿವು ಹೊರಗೆ ಬರಲಿ. ಗೋದಿ ಹುಗ್ಗಿ ಬಡಿಸುವ ಮುನ್ನ ಪ್ರತಿಯೊಬ್ಬರೂ ಹಂತಕನ ಹೆಸರನ್ನೂ ಕಾರಣವನ್ನೂ ಚೀಟಿಯಲ್ಲಿ ಬರೆದುಕೊಡಬೇಕು. ಕೊನೆಗೆ ತಟ್ಟೆಯಲ್ಲಿ ಎಲೆ-ಅಡಿಕೆ, ಸುಣ್ಣದ ಡಬ್ಬಿ ತಂದಿಟ್ಟು ಫೌಜದಾರರು ರಹಸ್ಯ ಒಡೆಯಬಹುದು. ಒಟ್ಟು ಮೂರು ತಾಸು ಧಾರಾಳ.

ವಿಷದ ಕಥೆ ಬೇಡ. ಉಣ್ಣುವ ಎಲೆಯ ಮುಂದೆ ಅಂಥ ಮಾತು ಹಿರಿಯರಿಗೆ ಸಹ್ಯವಾಗದು. ಮಕ್ಕಳಿದ್ದರಂತೂ ಲೋಟ, ಬಾಟಲಿಗಳೊಡನೆ ಅನುಕರಣೆಗೆ ಇಳಿಯುವ ಅಪಾಯವಿದೆ.

ಇನ್ನೊಂದು ಮುಖ್ಯ ಸಂಗತಿಯನ್ನು ಆಟದ ಪುಸ್ತಕಗಳು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಬಿಸಿ ರೊಟ್ಟಿ ತಟ್ಟುವವರು ಒಲೆ ಬಿಟ್ಟು ಏಳುವಂತಿಲ್ಲ. ಪಡಸಾಲೆಯಲ್ಲಿ ಗಂಡಸರು ಪತ್ತೇದಾರರಾಗಿ ಮೆರೆಯುವಾಗ ಹೆಂಗಸರು ಅಡುಗೆಮನೆಯಿಂದ ನಗು ಕೇಳಿಸಿಕೊಳ್ಳುವುದಾದರೆ ಅದು ಔತಣವಾದೀತೇ ಹೊರತು ಆಟವಾಗದು. ಕಟಿ ರೊಟ್ಟಿ ಮಾಡಿಟ್ಟರೆ ಎರಡು ದಿನ ಮೊದಲೇ ಕೆಲಸ ಮುಗಿಯುತ್ತದೆ. ಎಣ್ಣೆಗಾಯಿ ತಣಿದಷ್ಟೂ ರುಚಿ. ಮಿರ್ಚಿಯನ್ನು ಅಂಗಡಿಯಿಂದ ತರಿಸಿದರೆ ಯಾರ ಮಾನವೂ ಹೋಗುವುದಿಲ್ಲ.

ಯಾರನ್ನು ಶಂಕಿಸುವುದು?

ಈ ಆಟದ ಅತಿ ಸೂಕ್ಷ್ಮ ಭಾಗ ಇದು. ಹಂತಕನ ಪಾತ್ರವನ್ನು ಕೆಲಸದಾಳಿಗೋ, ಅಲೆಮಾರಿಗೋ, ಜೋಗತಿಗೋ, ಒಂದು ಜಾತಿಯ ಗುರುತುಳ್ಳವರಿಗೋ ಹಚ್ಚುವ ಚಪಲ ಕಥೆ ಬರೆಯುವವರಿಗೆ ಬರುವುದುಂಟು. ನೋಡಿದ ಹಲವಾರು ಸಿನಿಮಾಗಳು ಅದನ್ನೇ ಕಲಿಸಿವೆ. ಈ ಪ್ರದೇಶದಲ್ಲಿ ಅದು ಬರೀ ತಮಾಷೆಯಾಗಿ ಉಳಿಯುವುದಿಲ್ಲ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್‌ವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಆ ಪ್ರಾಂತ್ಯಕ್ಕೂ ವಿಸ್ತರಿಸಿತು. ಕೊರಚರೇ ಮೊದಲಾದ ಸಮುದಾಯಗಳ ಜನ ಯಾವ ತಪ್ಪೂ ಮಾಡದೆ, ಹುಟ್ಟಿನ ಕಾರಣಕ್ಕೇ ಠಾಣೆಗೆ ಹಾಜರಿ ಹಾಕಬೇಕಾಗುತ್ತಿತ್ತು. ಕಾಯ್ದೆ 1952ರಲ್ಲಿ ರದ್ದಾದರೂ ಊರಲ್ಲಿ ಕಳವಾದಾಗ ಮೊದಲು ಯಾರ ಗುಡಿಸಲಿನತ್ತ ಬೆರಳು ತೋರಿಸಲಾಗುತ್ತಿತ್ತು ಎಂಬುದು ಹಿರಿಯರಿಗೆ ನೆನಪಿದೆ. ಆ ನೆನಪಿರುವ ಕುಟುಂಬದ ಅತಿಥಿಯೊಬ್ಬರು ಪಂಕ್ತಿಯಲ್ಲಿರಬಹುದು. ಮಾದರಿ ಕಥೆಯಲ್ಲಿ ಆರೂ ಮಂದಿಯನ್ನು ಕಸುಬಿನಿಂದಷ್ಟೇ ಗುರುತಿಸಿ, ಹೆಸರನ್ನೂ ಕೊಡದಿರುವುದು ಈ ಕಾರಣಕ್ಕೇ. ಹೆಸರಿಟ್ಟರೆ ಜಾತಿ ತಾನಾಗಿಯೇ ಹಿಂದೆ ಬರುತ್ತದೆ.

ಅಂತೆಯೇ ಊರಿನಲ್ಲಿ ನಡೆದ ನಿಜವಾದ ಕೊಲೆಯನ್ನು, ಎಷ್ಟು ವರ್ಷ ಹಿಂದಿನದಾದರೂ, ಕಥೆಯಾಗಿಸಕೂಡದು. ತಾಲ್ಲೂಕು ಕೇಂದ್ರಗಳಲ್ಲಿ ಯಾರ ಬೀಗರು ಯಾರಿಗೆ ಏನಾಗಬೇಕೆಂದು ಹೇಳಲಾಗದು. ಇತ್ತೀಚೆಗೆ ಸಾವು ಕಂಡ ಮನೆಯವರಿಗೆ ಆಟದ ಸ್ವರೂಪವನ್ನು ಮೊದಲೇ ತಿಳಿಸಿ, ಬರುವುದು ಬಿಡುವುದನ್ನು ಅವರಿಗೇ ಬಿಡುವುದು ಲೇಸು.

ಅಕ್ಕಪಕ್ಕದವರಿಗೂ ಒಂದು ಮಾತು ಹೇಳಿರಬೇಕು. ಗೋಡೆಗೆ ಗೋಡೆ ತಾಗಿದ ಓಣಿಗಳಲ್ಲಿ ರಾತ್ರಿ ಒಂಬತ್ತಕ್ಕೆ ಚೀತ್ಕಾರ ಕೇಳಿದರೆ ಯಾರಾದರೂ 112ಕ್ಕೆ ಕರೆ ಮಾಡಿಯಾರು. ಅವರ ತಪ್ಪೂ ಅಲ್ಲ. ಕುಂಕುಮದ ನೀರಿನ ರಕ್ತ, ಆಟಿಕೆಯ ಪಿಸ್ತೂಲು, ನೆಲದ ಮೇಲೆ ಮಲಗಿದ ಹೆಣದ ಫೋಟೊಗಳನ್ನು ಮೊಬೈಲಿನಲ್ಲಿ ಹಂಚದಿರುವುದೇ ಕ್ಷೇಮ. ಅವು ಊರು ಬಿಟ್ಟು ಊರಿಗೆ ಹೋಗುವಷ್ಟರಲ್ಲಿ ‘ಆಟ’ ಎಂಬ ವಿವರಣೆ ಉದುರಿಹೋಗಿರುತ್ತದೆ.

ಮತ್ತೆ ಆಡುವುದಾದರೆ

ಒಮ್ಮೆ ಆಡಿದ ಕಥೆ ಅದೇ ಅತಿಥಿಗಳಿಗೆ ಎರಡನೆಯ ಬಾರಿ ಹೊಂದದು. ಆದರೆ ಸಾಮಗ್ರಿಯನ್ನು ಎಸೆಯಬೇಕಿಲ್ಲ. ದೃಶ್ಯಪಟ್ಟಿಯ ನಾಲ್ಕನೆಯ ದೃಶ್ಯಕ್ಕೆ ಎರಡು ಹಾಡು ಸೇರಿಸಿದರೆ ಮಾಸ್ತರ ಪಾರಾಗುತ್ತಾನೆ. ಅಂಗಡಿಯವನ ಹಾಳೆಯಲ್ಲಿ ‘ಹನ್ನೊಂದೂವರೆಯ ಮೇಲೆ ಎಣ್ಣೆ ತರಲು ಹೋಗಿದ್ದೆ, ಗೇಟಿನ ಕಡೆ ನೋಡಲಿಲ್ಲ’ ಎಂದು ತಿದ್ದಿದರೆ ಗೇಟ್‌ಕೀಪರನ ರಕ್ಷಣೆ ಕಳಚಿಬೀಳುತ್ತದೆ. ಸುಣ್ಣದ ಗುರುತು ಅದೇ ಪುಟದಲ್ಲಿ ಹಾಗೆಯೇ ಇರಲಿ. ಬೇರೆ ಅತಿಥಿಗಳಿಗೆ ಅದು ಹೊಸ ಆಟವೇ ಸರಿ.