ಕ್ಯೂಆರ್ ಕೋಡ್: ಒತ್ತುವ ಮೊದಲು ಓದಿ ನೋಡುವುದು ಹೇಗೆ?

ಬೆಂಗಳೂರಿನಿಂದ ಹೈದರಾಬಾದ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಗಡಿ ದಾಟಿದ ಮೇಲೆ, ಪೆನುಕೊಂಡಕ್ಕಿಂತ ಮೊದಲು ಸೋಮಂದೇಪಲ್ಲಿ ಸಿಗುತ್ತದೆ. ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ, ರೇಷ್ಮೆ ಸೀರೆ ನೇಯುವ ಮಗ್ಗಗಳಿರುವ ಊರು. ಅಂಗಡಿ ಬೋರ್ಡುಗಳೆಲ್ಲ ತೆಲುಗಿನಲ್ಲಿ. ಕರಾವಳಿಯಿಂದ ವ್ಯಾಪಾರಕ್ಕೆ ಹೋದವರಿಗೆ ಅದನ್ನು ಓದುವುದು ಕಷ್ಟ. ಆದರೆ ಗಲ್ಲಾದ ಮುಂದಿರುವ ಕ್ಯೂಆರ್ ಚೌಕ ಮಂಗಳೂರಿನ ಬಂದರಿನಲ್ಲಿ ಇರುವಂಥದ್ದೇ. ಬೋರ್ಡು ಅರ್ಥವಾಗದಿದ್ದರೂ ಕೋಡ್‌ಗೆ ದುಡ್ಡು ಹಾಕಿ ಬರುತ್ತಾರೆ. ಅದರೊಳಗೆ ಏನು ಬರೆದಿದೆ ಅಂತ ನೋಡುವವರು ಕಡಿಮೆ.

ಕ್ಯೂಆರ್ ಕೋಡ್ ಅಂದರೆ ಚುಕ್ಕಿಗಳಲ್ಲಿ ಬರೆದ ಅಕ್ಷರ, ಅಷ್ಟೇ. ಕಾರಿನ ಬಿಡಿಭಾಗಗಳ ಲೆಕ್ಕ ಇಡಲು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪೆನಿಯ ಮಸಾಹಿರೊ ಹಾರಾ ತಂಡ ಇದನ್ನು ಮಾಡಿತು. ಒಂದು ಕೋಡ್‌ನಲ್ಲಿ ಹೆಚ್ಚೆಂದರೆ 4,296 ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಹಿಡಿಯುತ್ತದೆ.

ಅಂಗಡಿಯ ಕೋಡ್ ಬಿಡಿಸಿದರೆ 'ಯುಪಿಐ' ಎಂದು ಶುರುವಾಗುವ ಒಂದು ಸಾಲು ಬರುತ್ತದೆ. ಅದರಲ್ಲಿ 'ಪಿಎ' ಎಂಬಲ್ಲಿ ಹಣ ಹೋಗುವ ವಿಳಾಸ, 'ಪಿಎನ್' ಎಂಬಲ್ಲಿ ಹೆಸರು, ಕೆಲವದರಲ್ಲಿ 'ಎಎಂ' ಎಂಬಲ್ಲಿ ಮೊತ್ತ. ಈ ಹೆಸರನ್ನು ನಂಬುವಂತಿಲ್ಲ, ಕೋಡ್ ಮಾಡಿದವರು ಏನು ಬೇಕಾದರೂ ಬರೆಯಬಹುದು. ಹಾಗಾಗಿಯೇ, ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ಹಣ ಕಟ್ಟುವವರಿಗೆ ತೋರಿಸಬೇಕೆಂದು ಎನ್‌ಪಿಸಿಐ ಹೇಳಿತು; ಆ್ಯಪ್‌ಗಳಿಗೆ ಕೊಟ್ಟ ಗಡುವು 2025ರ ಜೂನ್ 30. ಪಿನ್ ಒತ್ತುವ ಮುಂಚೆ ಓದಬೇಕಾದದ್ದು ಆ ಹೆಸರನ್ನು.

ಎಲ್ಲ ಕೋಡ್ ಹಣದ್ದಲ್ಲ. ವೈಫೈ ಕೋಡ್‌ನಲ್ಲಿ ಪಾಸ್‌ವರ್ಡ್ ಇರುತ್ತದೆ. ಜಿಎಸ್‌ಟಿ ಇ-ಇನ್‌ವಾಯ್ಸ್‌ನಲ್ಲಿ ಮಾರಿದವರ, ಕೊಂಡವರ ನಂಬರ್, ಬಿಲ್ಲಿನ ಮೊತ್ತ. ಆಧಾರ್ ಕೋಡ್‌ನಲ್ಲಂತೂ ಹೆಸರು, ವಿಳಾಸ, ಫೋಟೊ ಕೂಡ. 'ಕ್ಯೂಆರ್ ರೀಡರ್' ಅಂತ ಹುಡುಕಿ ಸಿಕ್ಕಿದ ಮೊದಲ ಸೈಟ್‌ಗೆ ಇವುಗಳ ಫೋಟೊ ಹಾಕಿದರೆ, ಅದು ಯಾರದೋ ಸರ್ವರ್‌ಗೆ ಹೋಗಿ ಕೂರಬಹುದು.

ಬ್ರೌಸರ್‌ನಲ್ಲೇ ಓದುವ ಪುಟಗಳು ಎರಡು ಬಗೆ. ಕೆಲವು ಚಿತ್ರವನ್ನು ತಮ್ಮ ಸರ್ವರ್‌ಗೆ ಕಳಿಸಿ ಉತ್ತರ ತರುತ್ತವೆ. ಇನ್ನು ಕೆಲವು ಬಿಡಿಸುವ ಪ್ರೋಗ್ರಾಮನ್ನೇ ನಿಮ್ಮ ಫೋನಿಗೆ ಇಳಿಸಿ ಅಲ್ಲೇ ಕೆಲಸ ಮುಗಿಸುತ್ತವೆ. ಯಾವುದು ಯಾವ ಬಗೆ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಇನ್‌ಕಾಗ್ನಿಟೊ ವಿಂಡೊದಲ್ಲಿ ಪುಟ ತೆರೆದು, ಪೂರ್ತಿ ಲೋಡ್ ಆದ ಮೇಲೆ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ. ಗುಟ್ಟಿಲ್ಲದ ಯಾವುದಾದರೂ ಕೋಡ್, ಉದಾಹರಣೆಗೆ ಬಿಸ್ಕಿಟ್ ಪ್ಯಾಕೆಟ್‌ನದ್ದು, ಕೊಟ್ಟು ನೋಡಿ. ನೆಟ್ ಇಲ್ಲದೆಯೂ ಓದಿತು ಅಂದರೆ ಬಿಡಿಸುವ ಕೆಲಸ ಫೋನಿನಲ್ಲೇ ನಡೆಯುತ್ತಿದೆ. ಆಮೇಲೆ ವಿಂಡೊ ಮುಚ್ಚಿಯೇ ನೆಟ್ ಆನ್ ಮಾಡಿ, ಇಲ್ಲದಿದ್ದರೆ ಓದಿದ್ದನ್ನು ನಂತರ ಕಳಿಸಲು ಪುಟಕ್ಕೆ ದಾರಿ ಉಳಿಯುತ್ತದೆ. ಇನ್‌ಕಾಗ್ನಿಟೊ ಒಂದರಿಂದಲೇ ಗುಟ್ಟು ಉಳಿಯುತ್ತದೆ ಎಂಬುದು ತಪ್ಪು. ಅದು ಆ ವಿಂಡೊದ ಹಿಸ್ಟರಿಯನ್ನು ನಿಮ್ಮ ಫೋನಿನಲ್ಲಿ ಉಳಿಸುವುದಿಲ್ಲ ಅಷ್ಟೇ, ಸರ್ವರ್‌ಗೆ ಹೋದದ್ದನ್ನು ಅಳಿಸುವುದಿಲ್ಲ. ಕ್ಯಾಮೆರಾ ಅನುಮತಿ ಕೇಳಿದರೆ 'ಈ ಬಾರಿ ಮಾತ್ರ' ಸಾಕು.

ಬಿಡಿಸಿದಾಗ ಲಿಂಕ್ ಬಂದರೆ ಒತ್ತದೆ ಓದಿ. 'ಎಚ್‌ಟಿಟಿಪಿಎಸ್' ಪಕ್ಕದ ಜೋಡಿ ಗೆರೆ ಬಿಟ್ಟು, ಮುಂದಿನ ಮೊದಲ ಓರೆಗೆರೆಯ ತನಕ ಇರುವುದೇ ಸೈಟಿನ ಹೆಸರು, ಅದರಲ್ಲೂ ಕೊನೆಯ ಭಾಗ ಮುಖ್ಯ. ಬ್ಯಾಂಕಿನ ಹೆಸರು ಓರೆಗೆರೆಯ ಆಚೆ ಬಂದಿದ್ದರೆ ಅದಕ್ಕೆ ಬೆಲೆಯಿಲ್ಲ. ಕೊನೆಯಲ್ಲಿ 'ಎಪಿಕೆ' ಇದ್ದರೆ ಅದು ಆ್ಯಪ್ ಇಳಿಸುವ ಲಿಂಕ್, ಮುಟ್ಟಬೇಡಿ. ಹಣ ಪಡೆಯಲು ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಅದು ಮೋಸವೇ. ಪಿನ್ ಬೇಕಾಗುವುದು ಹಣ ಕೊಡುವಾಗ.

ವ್ಯಾಪಾರಿಗಳಿಗೆ ಇನ್ನೊಂದು ಉಪಯೋಗ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರಿ ಹೊತ್ತು ಅಂಗಡಿ, ಪೆಟ್ರೋಲ್ ಬಂಕ್‌ಗಳ ಕೋಡ್ ಬದಲಿಸಿ ಹಣ ಹೊಡೆದ ಪ್ರಕರಣ ನಡೆಯಿತು. ಮೇಲೆ ಅಂಟಿಸಿದ ಸ್ಟಿಕ್ಕರ್ ಕಣ್ಣಿಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ತಮ್ಮ ಕೋಡನ್ನು ತಾವೇ ಬಿಡಿಸಿ, 'ಪಿಎ' ವಿಳಾಸ ತಮ್ಮದೇ ಎಂದು ನೋಡಲು ಅರ್ಧ ನಿಮಿಷ ಸಾಕು. ಸೌಂಡ್ ಬಾಕ್ಸ್ ಇದ್ದರೂ ಗದ್ದಲದಲ್ಲಿ ಅದು ಸುಮ್ಮನಿದ್ದದ್ದು ತಿಳಿಯುವುದು ಸಂಜೆ ಲೆಕ್ಕ ಹಾಕುವಾಗ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.